ಅಂಗಾಂಶ ಸ್ಥಿರೀಕರಣ ಮತ್ತು ಸಿನಾಪ್ಸ್‌ನ ಸೂಕ್ಷ್ಮರೂಪ

ಎರಡು ನರಕೋಶಗಳು ಸಂಧಿಸುವ ಸಿನಾಪ್ಸ್‌ನಲ್ಲಿ ಅವುಗಳ ನಡುವಿನ ಸಂದು ಸುಮಾರು 20 ನ್ಯಾನೊಮೀಟರ್. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ 200 ನ್ಯಾನೊಮೀಟರಿಗಿಂತ ಹತ್ತಿರವಿರುವುದನ್ನು ಬಿಡಿಸಿ ತೋರಿಸಲಾರದು. ಹಾಗಾಗಿ ಈ ಸಂದು ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ. ನೋಡುವ ಮುನ್ನ ಅಂಗಾಂಶ ಕೊಳೆಯದಂತೆ, ಆಕಾರ ಕೆಡದಂತೆ ಹಿಡಿದು ನಿಲ್ಲಿಸಬೇಕು, ಇದೇ ಸ್ಥಿರೀಕರಣ. ಹಿಡಿದ ಬಗೆಯ ಗುರುತು ಚಿತ್ರದಲ್ಲಿ ಉಳಿದೇ ಉಳಿಯುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ನರವಾಹಕ ತುಂಬಿದ ಕಿರುಗುಳ್ಳೆಗಳದು. ಸ್ಥಿರೀಕರಣಕ್ಕೆ ಆಸ್ಮಿಯಂ ಟೆಟ್ರಾಕ್ಸೈಡ್ ಒಂದನ್ನೇ ಬಳಸಿದಾಗ ಅವೆಲ್ಲ ದುಂಡಗೆ ಕಾಣುತ್ತಿದ್ದವು. ಆಲ್ಡಿಹೈಡ್ ಬಳಕೆಗೆ ಬಂದ ಮೇಲೆ, 1965ರಲ್ಲಿ ಸಂಶೋಧಕ ಉಚಿಜೋನೊ ಪ್ರಚೋದಕ ಸಿನಾಪ್ಸ್‌ಗಳಲ್ಲಿ ದುಂಡು ಗುಳ್ಳೆಗಳನ್ನೂ ಪ್ರತಿಬಂಧಕ ಸಿನಾಪ್ಸ್‌ಗಳಲ್ಲಿ ಚಪ್ಪಟೆ ಗುಳ್ಳೆಗಳನ್ನೂ ಗುರುತಿಸಿದರು. ಆದರೆ ಚಪ್ಪಟೆತನ ದ್ರಾವಣದ ಆಸ್ಮಾಟಿಕ್ ಒತ್ತಡಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ. ಅಂದರೆ ಅದು ಜೀವಂತ ಆಕಾರವಲ್ಲ, ಕೃತಕ ಫಲ. ಆದರೂ ಎರಡು ಬಗೆಯ ಸಿನಾಪ್ಸ್‌ಗಳನ್ನು ಬೇರ್ಪಡಿಸಲು ಬಹಳ ಉಪಯುಕ್ತವಾದ ಕೃತಕ ಫಲ!

ಪ್ರಾಣಿಗಳಲ್ಲಿ ಹೃದಯದ ಮೂಲಕ ಆಲ್ಡಿಹೈಡ್ ಹರಿಸಿದರೆ ಅದು ರಕ್ತನಾಳಗಳ ಹಾದಿಯಲ್ಲಿ ಮಿದುಳಿನ ಮೂಲೆಮೂಲೆಗೂ ಬೇಗ ತಲುಪುತ್ತದೆ. ಮರಣೋತ್ತರವಾಗಿ ಸಿಗುವ ಮನುಷ್ಯರ ಮಿದುಳಿಗೆ ಆ ಅನುಕೂಲವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಇಂಥ ಮಿದುಳುಗಳನ್ನು ಕಾಯ್ದಿಡುವ ಮಿದುಳು ಬ್ಯಾಂಕ್ ಇದೆ. ಇಡೀ ಮಿದುಳನ್ನು ಆಲ್ಡಿಹೈಡ್ ದ್ರಾವಣವಾದ ಫಾರ್ಮಲಿನ್‌ನಲ್ಲಿಡುವಾಗ ಬುಡದ ರಕ್ತನಾಳಕ್ಕೆ ದಾರ ಕಟ್ಟಿ ತಲೆಕೆಳಗಾಗಿ ತೂಗುಬಿಡುವುದು ರೋಗಶಾಸ್ತ್ರಜ್ಞರ ರೂಢಿ. ಇಲ್ಲದಿದ್ದರೆ ಪಾತ್ರೆಯ ತಳಕ್ಕೊತ್ತಿ ಚಪ್ಪಟೆಯಾಗುತ್ತದೆ. ಒಳಗಿನವರೆಗೆ ಗಟ್ಟಿಯಾಗಲು ಎರಡು ಮೂರು ವಾರ ಬೇಕು. ಸಾವಿಗೂ ಸ್ಥಿರೀಕರಣಕ್ಕೂ ನಡುವೆ ಕಳೆದ ಗಂಟೆಗಳಲ್ಲಿ ಪೊರೆಗಳು ಊದಿ, ಗುಳ್ಳೆಗಳು ಕಡಿಮೆಯಾಗುತ್ತವೆ. ಇದನ್ನು ರೋಗಲಕ್ಷಣವೆಂದು ಓದುವ ಅಪಾಯವಿದೆ. ಜೊತೆಗೆ ಫಾರ್ಮಲಿನ್ ಪ್ರೋಟೀನ್‌ಗಳನ್ನು ಅಡ್ಡಬಂಧಗಳಿಂದ ಬಿಗಿಯುವುದರಿಂದ, ಇದ್ದ ಪ್ರೋಟೀನೂ ಅದನ್ನು ಗುರುತಿಸಲು ಬಳಸುವ ಪ್ರತಿಕಾಯಕ್ಕೆ ಸಿಗದೆ ಹೋಗಬಹುದು.

ನರಕೋಶಗಳಿಗೆ ಬಣ್ಣ ಕೊಡುವ ಗಾಲ್ಜಿ ವಿಧಾನದ ದಾರಿಯೇ ಬೇರೆ. ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಬೆಳ್ಳಿಯ ನೈಟ್ರೇಟ್ ಕೆಲವೇ ನರಕೋಶಗಳನ್ನು ಆಯ್ದು ಇಡಿಯಾಗಿ ಕಪ್ಪಾಗಿಸುತ್ತವೆ. ಕೋಶದ ಕವಲು, ಮುಳ್ಳುಗಳು ಎಣಿಸುವಷ್ಟು ಸ್ಪಷ್ಟ; ಸಂದು ಮಾತ್ರ ಕಾಣದು. ದೀರ್ಘ ಒತ್ತಡದಿಂದ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಕವಲುಗಳು ಕುಗ್ಗಿ, ಅಮಿಗ್ಡಲಾದಲ್ಲಿ ಬೆಳೆಯುತ್ತವೆಂದು 2002ರಲ್ಲಿ ಬೆಂಗಳೂರಿನ ಸಂಶೋಧಕರು ತೋರಿಸಿದ್ದು ಈ ವಿಧಾನದಿಂದಲೇ.

ರಾಸಾಯನಿಕ ಸ್ಥಿರೀಕರಣಕ್ಕೆ ಸೆಕೆಂಡುಗಳಿಂದ ನಿಮಿಷಗಳು ಹಿಡಿಯುತ್ತವೆ. ಗುಳ್ಳೆ ತೆರೆದುಕೊಳ್ಳುವುದು ಮಿಲಿಸೆಕೆಂಡುಗಳಲ್ಲಿ. 1979ರಲ್ಲಿ ಸಂಶೋಧಕರಾದ ಹ್ಯೂಸರ್ ಮತ್ತು ರೀಸ್ ಕಪ್ಪೆಯ ನರಸ್ನಾಯು ಸಂಧಿಯನ್ನು ಅತಿಶೀತಲ ತಾಮ್ರದ ತುಂಡಿಗೆ ಅಪ್ಪಳಿಸಿ ಆ ಕ್ಷಣವನ್ನು ಸೆರೆಹಿಡಿದರು. 2015ರಲ್ಲಿ ಇಲಿ ಮಿದುಳಿನ ಹೋಲಿಕೆಯೊಂದು, ಕೋಶಗಳ ನಡುವಿನ ಜಾಗ ಶೀತಸ್ಥಿರೀಕರಣದಲ್ಲಿ ಉಳಿಯುವುದೆಂದೂ ರಾಸಾಯನಿಕದಲ್ಲಿ ಬಹುಮಟ್ಟಿಗೆ ಮುಚ್ಚಿಹೋಗುವುದೆಂದೂ ತೋರಿಸಿತು. ಆದರೆ ಅಧಿಕ ಒತ್ತಡದಲ್ಲಿ ಘನೀಕರಿಸಿದರೂ ಹಿಮಹರಳಿಲ್ಲದೆ ಉಳಿಯುವುದು ಸುಮಾರು 0.2 ಮಿಲಿಮೀಟರ್ ದಪ್ಪದ ಚೂರು ಮಾತ್ರ.