ಮಕ್ಕಳೊಂದಿಗೆ ಕ್ರೂಸ್: ಮೇಲಿನ ಮಹಡಿಯ ಕ್ಯಾಬಿನ್ ಒಳ್ಳೆಯದೇ?

ಹಡಗಿನಲ್ಲಿ ಎತ್ತರದ ಕ್ಯಾಬಿನ್ ಪಡೆದರೆ ಮಕ್ಕಳಿಗೆ ವಾಂತಿ ಬರುವುದಿಲ್ಲ ಎಂದು ಹಲವರು ನಂಬುತ್ತಾರೆ. ಇದು ತಪ್ಪು.

ಅಲೆಗಳ ಮೇಲೆ ಹಡಗು ಪಾರ್ಕಿನ ಸೀಸಾದಂತೆ ಏರಿಳಿಯುತ್ತದೆ. ಎರಡು ತುದಿಗಳಲ್ಲೂ ಮೇಲಿನ ಮಹಡಿಗಳಲ್ಲೂ ಓಲಾಟ ಹೆಚ್ಚು. ನಡುಭಾಗದ ಕೆಳಮಹಡಿಯಲ್ಲಿ ಕಡಿಮೆ. ಈ ಚಲನೆ ಒಳಕಿವಿಗೆ ತಿಳಿಯುತ್ತದೆ, ಆದರೆ ಕೋಣೆಯೊಳಗೆ ಕಣ್ಣಿಗೆ ಎಲ್ಲವೂ ನಿಂತಂತೆ ಕಾಣುತ್ತದೆ. ಈ ಗೊಂದಲವೇ ವಾಕರಿಕೆಗೆ ಕಾರಣ. 2ರಿಂದ 12 ವರ್ಷದ ಮಕ್ಕಳಲ್ಲಿ ಇದು ಹೆಚ್ಚು.

ಹಾಗಾಗಿ ಬುಕ್ ಮಾಡುವಾಗ ನಡುಭಾಗದ ಕೆಳಮಹಡಿಯ ಕ್ಯಾಬಿನ್ ಕೇಳಿ. ಮುಂಬೈನಿಂದ ಗೋವಾ, ಲಕ್ಷದ್ವೀಪದ ಕಡೆ ಹೊರಡುವುದಾದರೆ ಡಿಸೆಂಬರ್ ರಜೆ ಸೂಕ್ತ; ಮುಂಗಾರಿನಲ್ಲಿ ಅರಬ್ಬಿ ಸಮುದ್ರ ಪ್ರಕ್ಷುಬ್ಧ. ವಾಕರಿಕೆ ಶುರುವಾದರೆ ಮೊಬೈಲ್ ಪಕ್ಕಕ್ಕಿಡಿಸಿ, ಡೆಕ್‌ಗೆ ಕರೆದೊಯ್ದು ದಿಗಂತ ನೋಡಲು ಹೇಳಿ. ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳಿಯೇ ಕೊಡಿ.