ತ್ರೀ ಫೇಸ್ ಮೋಟಾರು ರೈಲು ಇಂಜಿನ್ ಹತ್ತೋಕೆ 76 ವರ್ಷ ಬೇಕಾಯ್ತು

🚆 ಭಾಗ 1
ತುಮಕೂರು ಸ್ಟೇಷನ್‌ಗೆ ಎಕ್ಸ್‌ಪ್ರೆಸ್ ಬಂದು ನಿಂತಾಗ ಇಂಜಿನ್ ಮೇಲೆ ಬರೆದಿರೋ ಅಕ್ಷರ ಓದಿ ನೋಡಿ. ಸುಮಾರು ಸಲ ಡಬ್ಲ್ಯೂಎಪಿ-7 ಅಂತ ಇರುತ್ತೆ. ಡಬ್ಲ್ಯೂ ಅಂದ್ರೆ ಬ್ರಾಡ್‌ಗೇಜ್, ಎ ಅಂದ್ರೆ ಎಸಿ ಕರೆಂಟು, ಪಿ ಅಂದ್ರೆ ಪ್ಯಾಸೆಂಜರ್. "ಅಯ್ಯೋ ಬಿಡು ಗುರು, ಅದೆಲ್ಲ ಜರ್ಮನಿ ಕಾಪಿ" ಅನ್ನೋರು ಇದ್ದಾರೆ. ನಿಜಾನಾ? ಉತ್ತರ ಬೇಕಂದ್ರೆ ಒಂದು ಮೋಟಾರಿನ ಕಥೆ ಕೇಳಬೇಕು.

⚡ ಭಾಗ 2
ಆ ಮೋಟಾರು ನಮಗೆ ಹೊಸದೇನಲ್ಲ. ಗುಬ್ಬಿ, ಕುಣಿಗಲ್ ಕಡೆ ತೋಟಗಳಲ್ಲಿ ದಿನಾ ಕೇಳೋ ಪ್ರಶ್ನೆ ಒಂದೇ: "ತ್ರೀ ಫೇಸ್ ಬಂತಾ?" ಬೋರ್‌ವೆಲ್ ಒಳಗೆ ಇಳಿಬಿಟ್ಟಿರೋದು ತ್ರೀ ಫೇಸ್ ಇಂಡಕ್ಷನ್ ಮೋಟಾರು. ವಸಂತನರಸಾಪುರದ ಫ್ಯಾಕ್ಟರಿಗಳಲ್ಲಿ ಮಷಿನ್ ತಿರುಗಿಸೋದೂ ಹೆಚ್ಚಾಗಿ ಅದೇ. ಬ್ರಶ್ ಇಲ್ಲ, ಕಮ್ಯುಟೇಟರ್ ಇಲ್ಲ, ಕಿಡಿ ಹಾರಲ್ಲ. ಗಟ್ಟಿ ಆಸಾಮಿ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತ್ರೀ ಫೇಸ್ ಕರೆಂಟು ಹೋಗಿತ್ತು.

ಆದ್ರೆ ಅದಕ್ಕೊಂದು ಹಠ ಇದೆ. ಅದರ ವೇಗ ಕರೆಂಟಿನ ಫ್ರೀಕ್ವೆನ್ಸಿಗೆ ಕಟ್ಟಿಹಾಕಿದ ಹಾಗೆ. 50 ಹರ್ಟ್ಜ್ ಕೊಟ್ರೆ 2 ಪೋಲ್ ಮೋಟಾರು ನಿಮಿಷಕ್ಕೆ 3000 ಸುತ್ತಿಗಿಂತ ಸ್ವಲ್ಪ ಕಮ್ಮಿ ತಿರುಗುತ್ತೆ, ಅಷ್ಟೇ. ಪಂಪಿಗೆ ಇದು ಸಾಕು. ರೈಲಿಗೆ? ನಿಂತಲ್ಲಿಂದ ನಿಧಾನಕ್ಕೆ ಎಳೆದು ವೇಗ ಏರಿಸಬೇಕಲ್ವಾ!

📜 ಭಾಗ 3
1903. ಬರ್ಲಿನ್ ಹತ್ರ ಮರಿಯನ್‌ಫೆಲ್ಡೆ–ಝೋಸೆನ್ ಹಳಿ. ಸೀಮೆನ್ಸ್ ಮತ್ತು ಎಇಜಿ ಕಂಪನಿಗಳು ತ್ರೀ ಫೇಸ್ ಮೋಟಾರ್ ಕೂರಿಸಿದ ಗಾಡಿಗಳನ್ನ ಓಡಿಸಿದ್ವು. ಅಕ್ಟೋಬರ್ 28ರಂದು ಎಇಜಿ ಗಾಡಿ ಗಂಟೆಗೆ 210 ಕಿ.ಮೀ. ಮುಟ್ಟಿತು. 1903ರಲ್ಲಿ!

ಆದ್ರೂ ಮುಂದೆ ಹೋಗಲಿಲ್ಲ. ಹಳಿ ಪಕ್ಕ ಒಂದರ ಮೇಲೊಂದು ಮೂರು ತಂತಿ ಬೇಕಿತ್ತು. ವೇಗ ಬದಲಾಯಿಸೋಕೆ ಪವರ್ ಹೌಸ್‌ನಲ್ಲೇ ಫ್ರೀಕ್ವೆನ್ಸಿ ಬದಲಾಯಿಸಬೇಕಿತ್ತು. ಒಂದು ಗಾಡಿಗೆ ಸರಿ, ಇಡೀ ದೇಶದ ರೈಲುಗಳಿಗೆ ಹೇಗೆ?

🔴 ಭಾಗ 4
ಹಾಗಾಗಿ ಜರ್ಮನಿ ಒಂದೇ ತಂತಿ ಮತ್ತು ಬ್ರಶ್ ಇರೋ ಮೋಟಾರಿನ ದಾರಿ ಹಿಡೀತು. ಆ ದಾರಿಯ ರಾಜ 103 ಸರಣಿಯ ಪ್ಯಾಸೆಂಜರ್ ಇಂಜಿನ್. 1965ರ ಮ್ಯೂನಿಕ್ ಸಾರಿಗೆ ಪ್ರದರ್ಶನದ ಹೊತ್ತಿಗೆ ಇದರ ಮೊದಲ ಮಾದರಿಗಳು ಮ್ಯೂನಿಕ್–ಆಗ್ಸ್‌ಬರ್ಗ್ ನಡುವೆ 200 ಕಿ.ಮೀ. ವೇಗದಲ್ಲಿ ಜನರನ್ನ ಕರ್ಕೊಂಡು ಹೋದ್ವು. 1970ರಿಂದ 1974ರವರೆಗೆ ಇನ್ನೂ 145 ಇಂಜಿನ್ ಬಂದ್ವು. ನೋಡೋಕೂ ಚೆಂದ. ಆದ್ರೆ 6 ಆಕ್ಸಲ್, 114 ಟನ್ ತೂಕ. ಬ್ರಶ್ ಸವೀತಾನೇ ಇರುತ್ತೆ. ಗೂಡ್ಸ್ ಎಳೆಯೋಕೆ ಹೊಂದಲ್ಲ.

🔧 ಭಾಗ 5
ಬೀಗದ ಕೈ ಸಿಕ್ಕಿದ್ದು ಎಲೆಕ್ಟ್ರಾನಿಕ್ಸ್‌ನಲ್ಲಿ. ತಂತಿಯಿಂದ ಸಿಂಗಲ್ ಫೇಸ್ ತಗೋ, ಡಿಸಿ ಮಾಡು, ಇನ್ವರ್ಟರ್‌ನಿಂದ ಬೇಕಾದ ಫ್ರೀಕ್ವೆನ್ಸಿಯ ತ್ರೀ ಫೇಸ್ ಮಾಡ್ಕೋ. ಪವರ್ ಹೌಸ್ ಮಾಡ್ತಿದ್ದ ಕೆಲಸ ಇಂಜಿನ್ ಹೊಟ್ಟೆಯೊಳಗೇ! 1971ರಲ್ಲಿ ಹೆನ್‌ಶೆಲ್ ಮತ್ತು ಬಿಬಿಸಿ ಕಂಪನಿಗಳು ಇದನ್ನ ಮೊದಲು ಡೀಸೆಲ್ ಇಂಜಿನ್‌ನಲ್ಲಿ ಪರೀಕ್ಷೆ ಮಾಡಿದ್ವು. 1979ರಲ್ಲಿ 120 ಸರಣಿಯ ಎಲೆಕ್ಟ್ರಿಕ್ ಇಂಜಿನ್ ಬಂತು. ಬರೀ 4 ಆಕ್ಸಲ್, 84 ಟನ್, 5600 ಕಿಲೋವ್ಯಾಟ್. ಹಗಲು ಇಂಟರ್‌ಸಿಟಿ, ರಾತ್ರಿ ಗೂಡ್ಸ್.

ಇಲ್ಲಿ ಗಮನಿಸಿ: ಜರ್ಮನಿ ಒಂದೇ ಸಲ ನೂರಾರು ಆರ್ಡರ್ ಮಾಡಲಿಲ್ಲ. 5 ಮಾದರಿಗಳನ್ನ ವರ್ಷಗಟ್ಟಲೆ ಓಡಿಸಿ, ತಿದ್ದಿ, ಆಮೇಲೆ 1987ರಿಂದ 60 ಇಂಜಿನ್ ಇಳಿಸಿದ್ರು.

🇮🇳 ಭಾಗ 6
1988ರಲ್ಲಿ ಬಿಬಿಸಿ ಮತ್ತು ಸ್ವೀಡನ್ನಿನ ಅಸಿಯಾ ಸೇರಿ ಎಬಿಬಿ ಆಯ್ತು. 1993ರಲ್ಲಿ ನಮ್ಮ ರೈಲ್ವೆ ಅದೇ ಎಬಿಬಿಗೆ 33 ತ್ರೀ ಫೇಸ್ ಇಂಜಿನ್‌ಗಳ ಆರ್ಡರ್ ಕೊಡ್ತು. ಜೊತೆಗೆ ಒಂದು ಷರತ್ತು: ಮಾಡೋ ವಿದ್ಯೆಯನ್ನೂ ಕೊಡಬೇಕು. ಪ್ಯಾಸೆಂಜರ್‌ಗೆ ಡಬ್ಲ್ಯೂಎಪಿ-5, ಗೂಡ್ಸ್‌ಗೆ ಡಬ್ಲ್ಯೂಎಜಿ-9. 1998ರಲ್ಲಿ ಪಶ್ಚಿಮ ಬಂಗಾಳದ ಚಿತ್ತರಂಜನ್ ಕಾರ್ಖಾನೆ ಡಬ್ಲ್ಯೂಎಜಿ-9 ಅನ್ನ ತಾನೇ ಕಟ್ಟಿತು.

ಅಸಲಿ ವಿಷಯ ಇದರ ನಂತರದ್ದು. ನಮಗೆ 24 ಬೋಗಿ ಎಳೆಯೋ ಪ್ಯಾಸೆಂಜರ್ ಇಂಜಿನ್ ಬೇಕಿತ್ತು. ನಮ್ಮ ಎಂಜಿನಿಯರುಗಳು ಗೂಡ್ಸ್ ಇಂಜಿನ್ನಿನ ಗೇರ್ ಅನುಪಾತ ಬದಲಾಯಿಸಿ ಹುಟ್ಟಿಸಿದ್ದೇ 6350 ಅಶ್ವಶಕ್ತಿಯ ಡಬ್ಲ್ಯೂಎಪಿ-7. ಎಬಿಬಿಗೆ ಕೊಟ್ಟ ಆರ್ಡರ್‌ನಲ್ಲಿ ಇದು ಇರಲೇ ಇಲ್ಲ.

💬 ಭಾಗ 7
ಹಾಗಾದ್ರೆ ಕಾಪಿನಾ? ಬೇರು ಹೊರಗಿಂದು, ಒಪ್ಕೊಳ್ಳೋಣ. ಅದರಲ್ಲಿ ನಾಚಿಕೆ ಏನಿಲ್ಲ. ಡ್ರಾಯಿಂಗ್ ದುಡ್ಡಿಗೆ ಸಿಗುತ್ತೆ. ಅದನ್ನ ಅರ್ಥ ಮಾಡ್ಕೊಂಡು ನಮ್ಮ ಕೆಲಸಕ್ಕೆ ಬಗ್ಗಿಸೋ ಬುದ್ಧಿ ದುಡ್ಡಿಗೆ ಸಿಗಲ್ಲ.

ಐಟಿಐ, ಡಿಪ್ಲೊಮಾ ಮುಗಿಸಿ ವಸಂತನರಸಾಪುರಕ್ಕೆ ಕೆಲಸಕ್ಕೆ ಹೋಗೋರಿಗೆ ಒಂದು ಮಾತು. ಅಲ್ಲಿ ಪ್ಯಾನೆಲ್ ಒಳಗೆ "ಡ್ರೈವ್" ಅಂತ ಒಂದು ಡಬ್ಬಿ ಕಂಡ್ರೆ, ಅದು ಈ ಇಂಜಿನ್ ಹೊಟ್ಟೆಯಲ್ಲಿರೋದರ ಚಿಕ್ಕ ತಮ್ಮ. ಫ್ರೀಕ್ವೆನ್ಸಿ ಬದಲಾಯಿಸಿ ಮೋಟಾರಿನ ವೇಗ ಬದಲಾಯಿಸುತ್ತೆ. ಕೆಟ್ಟಾಗ ತೆಗೆದು ಹೊಸದು ಹಾಕೋರು ಬೇಕಾದಷ್ಟು ಜನ ಸಿಗ್ತಾರೆ. ಯಾಕೆ ಕೆಡ್ತು ಅಂತ ಹೇಳೋರು ಕಮ್ಮಿ. ಆ ಕಮ್ಮಿ ಜನರಲ್ಲಿ ನೀವಿರಿ.

ಮುಂದಿನ ಸರಣಿ: ಬ್ರೇಕ್ ಹಾಕಿದಾಗ ಇಂಜಿನ್ ತಂತಿಗೆ ಕರೆಂಟು ವಾಪಸ್ ಕೊಡೋದು ಹೇಗೆ? ಸೇವ್ ಮಾಡ್ಕೊಳ್ಳಿ, ಕ್ಲಾಸ್‌ಮೇಟ್ಸ್‌ಗೆ ಕಳಿಸಿ 🙌

#ರೈಲುಕಥೆ #ತುಮಕೂರು #ವಸಂತನರಸಾಪುರ #ತ್ರೀಫೇಸ್