ಕವಂದದ ಪದರಗಳು: ಸಿದ್ದಿ ತಾಯಂದಿರು ಹೊಲಿದ ಚರಿತ್ರೆ

ಬ್ಯಾರಿಗಳ ಚರಿತ್ರೆ ಎಂದ ಕೂಡಲೇ ನಾವು ಕಡಲು, ಬಂದರು, ವ್ಯಾಪಾರ ಎಂದು ಶುರು ಮಾಡುತ್ತೇವೆ. ನನ್ನ ಬಾಪ ಅಂಗಡಿಯವರು. ಅವರ ಹಳೆಯ ಲೆಕ್ಕದ ಪುಸ್ತಕ ತೆರೆದರೆ ಯಾರಿಗೆ ಏನು ಕೊಟ್ಟದ್ದು, ಎಷ್ಟು ಬಾಕಿ ಎಂಬುದು ಇವತ್ತಿಗೂ ಸಿಗುತ್ತದೆ. ಅದೇ ಮನೆಯಲ್ಲಿ ಉಮ್ಮ ಹಳೆಯ ಬಟ್ಟೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದು ಮಕ್ಕಳಿಗೆ ಹಾಸಿದ್ದು ಯಾವ ಪುಸ್ತಕದಲ್ಲೂ ಇಲ್ಲ. ಹೆಂಗಸರ ಈ ಕೆಲಸವನ್ನೂ ಚರಿತ್ರೆ ಎಂದು ಓದಬಹುದು ಎಂದು ನನಗೆ ತಿಳಿದದ್ದು ಉತ್ತರ ಕನ್ನಡದ ಸಿದ್ದಿಗಳ ಕವಂದದಿಂದ.

ಸಿದ್ದಿಗಳು ಆಫ್ರಿಕಾ ಮೂಲದವರು. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿದ ಮೇಲೆ ಆಫ್ರಿಕಾದ ಪೂರ್ವ ಕರಾವಳಿಯಿಂದ ಅನೇಕರನ್ನು ಗುಲಾಮರಾಗಿ ಅಲ್ಲಿಗೆ ತಂದರು. ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡು ಸೇರಿದರು. ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಅವರಿದ್ದಾರೆ. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಹಳೆಯ ಬಟ್ಟೆಯ ತುಂಡುಗಳಿಂದ ಅವರ ಹೆಂಗಸರು ಹೊಲಿಯುವ ಹಾಸು ಹೊದಿಕೆಯೇ ಕವಂದ.

ಇದರ ವಿಶೇಷ ತಿಳಿಯಬೇಕಾದರೆ ಬೇರೆ ಕಡೆ ಕೌದಿ ಹೇಗೆ ಹೊಲಿಯುತ್ತಾರೆ ಎಂಬುದನ್ನು ಮೊದಲು ನೋಡಬೇಕು. ಸಾಮಾನ್ಯ ಕ್ರಮದಲ್ಲಿ ಅಡಿಯ ಬಟ್ಟೆಯನ್ನು ನೆಲದ ಮೇಲೆ ಬಿಗಿಯಾಗಿ ಹರಡುತ್ತಾರೆ. ಅದರ ಮೇಲೆ ಒಳಪದರ, ಅದರ ಮೇಲೆ ಮೇಲ್ಬಟ್ಟೆ. ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರಿ ಸುಕ್ಕು ತೆಗೆಯುತ್ತಾರೆ. ಆಮೇಲೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕುತ್ತಾರೆ. ಈ ಹೊಲಿಗೆ ಇಲ್ಲದಿದ್ದರೆ ಸೂಜಿ ಎಳೆದಂತೆಲ್ಲ ಪದರಗಳು ಒಂದೊಂದು ದಿಕ್ಕಿಗೆ ಜಾರಿ, ಕೊನೆಗೆ ಒಂದು ಮೂಲೆಯಲ್ಲಿ ಬಟ್ಟೆ ಗುಡ್ಡೆಯಾಗುತ್ತದೆ. ಪಕ್ಕಾ ಹೊಲಿಗೆ ಮುಗಿದ ಮೇಲೆ ಕಚ್ಚಾ ದಾರವನ್ನು ಕಿತ್ತು ಬಿಸಾಡುತ್ತಾರೆ. ಪದರಗಳನ್ನು ಹಿಡಿದು ನಿಲ್ಲಿಸಿದ್ದು ಅದೇ ದಾರ, ಆದರೆ ಕೌದಿಯಲ್ಲಿ ಅದರ ಗುರುತು ಉಳಿಯುವುದಿಲ್ಲ.

ಸಿದ್ದಿ ಹೆಂಗಸರ ದಾರಿ ಬೇರೆ. ಅಡಿಗೆ ಒಂದು ಹಳೆಯ ಸೀರೆ ಹಾಸುತ್ತಾರೆ. ಒಂದು ಮೂಲೆಯಿಂದ ಶುರು ಮಾಡಿ, ತುಂಡು ಬಟ್ಟೆಯ ಅಂಚನ್ನು ಒಳಕ್ಕೆ ಮಡಚಿ ಸಾಲು ಹೊಲಿಗೆ ಹಾಕುತ್ತಾರೆ. ಅದರ ಪಕ್ಕದಲ್ಲಿ ಇನ್ನೊಂದು ತುಂಡು, ಮತ್ತೊಂದು. ಹೀಗೆ ಅಂಚಿನ ಸುತ್ತ ಹೋಗುತ್ತಾ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ತುಂಡು ಜೋಡಿಸುವುದೂ ಪದರ ಕೂಡಿಸುವುದೂ ಒಂದೇ ಹೊಲಿಗೆಯಲ್ಲಿ ಆಗುತ್ತದೆ. ಡಿಪ್ಲೊಮಾ ಓದಿದ ನನ್ನ ಕಣ್ಣಿಗೆ ಇದು ಬುದ್ಧಿವಂತಿಕೆಯ ಲೆಕ್ಕಾಚಾರವಾಗಿ ಕಾಣುತ್ತದೆ. ದೊಡ್ಡ ಮೇಲ್ಬಟ್ಟೆಯೇ ಇಲ್ಲದ ಮೇಲೆ ಅದು ಜಾರುವ ಪ್ರಶ್ನೆಯೂ ಇಲ್ಲ. ಪ್ರತಿ ತುಂಡೂ ತನ್ನ ಜಾಗಕ್ಕೆ ಬಂದಾಗಲೇ ಸವರಿಸಿಕೊಂಡು ಕೂರುತ್ತದೆ. ಆದ್ದರಿಂದ ಕಿತ್ತು ಬಿಸಾಡುವ ದಾರವೇ ಬೇಕಾಗುವುದಿಲ್ಲ. ಹಾಕಿದ ಹೊಲಿಗೆಯೆಲ್ಲ ಕೊನೆಯವರೆಗೂ ಮೇಲೆ ಕಾಣುತ್ತಿರುತ್ತದೆ.

ಕೊನೆಗೆ ನಾಲ್ಕು ಮೂಲೆಗೆ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ 'ಫೂಲ'ಗಳನ್ನು ಇಡುತ್ತಾರೆ. ಫೂಲ ಇಲ್ಲದ ಕವಂದ ಬೆತ್ತಲೆ ಎಂಬುದು ಅವರ ಮಾತು. ಕ್ರೈಸ್ತ ಸಿದ್ದಿಗಳ ಕೆಲವು ಕವಂದಗಳಲ್ಲಿ ಶಿಲುಬೆ, ಮುಸ್ಲಿಮರ ಕೆಲವದರಲ್ಲಿ ಅರ್ಧಚಂದ್ರ ಕಾಣುತ್ತದೆ. ಹೊಲಿಗೆಯ ಕ್ರಮ ಮಾತ್ರ ಎಲ್ಲರದ್ದೂ ಒಂದೇ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೀವಲ್ ಈ ಕವಂದಗಳ ಬಗ್ಗೆ ಅಧ್ಯಯನ ಮಾಡಿದರು. 2004ರಲ್ಲಿ ಸಿದ್ದಿ ಮಹಿಳೆಯರ ಕವಂದ ಸಹಕಾರ ಗುಂಪು ಹುಟ್ಟಿತು. ಮನೆಯ ಮಕ್ಕಳಿಗೆಂದು ಹೊಲಿಯುತ್ತಿದ್ದ ಕವಂದ ಅಮೆರಿಕದ ಪ್ರದರ್ಶನಗಳಿಗೂ ಹೋಯಿತು. ಯಲ್ಲಾಪುರ ನಮ್ಮ ಮಂಗಳೂರಿಗೆ ಅಷ್ಟೇನೂ ದೂರವಲ್ಲ. ಆದರೂ ನಾವು ಇದನ್ನು ಹೊರದೇಶದವರ ಕಣ್ಣಿಂದಲೇ ನೋಡಬೇಕಾಯಿತು.

ಇಲ್ಲಿ ನಮಗೆ ಕೇಳಿಕೊಳ್ಳಲು ಒಂದು ಪ್ರಶ್ನೆ ಇದೆ. ನಮ್ಮ ಹಿರಿಯರಿಗೆ ವ್ಯಾಪಾರ ತಂದುಕೊಟ್ಟ ಅರಬ್ಬೀ ಕಡಲೇ ಇವರ ಹಿರಿಯರನ್ನು ಸಂಕೋಲೆಯಲ್ಲಿ ತಂದಿತು. ಮೊದಲನೆಯ ಕತೆಯನ್ನು ಹೆಮ್ಮೆಯಿಂದ ಹೇಳುವ ನಾವು ಎರಡನೆಯದನ್ನು ಎಷ್ಟು ಸಲ ಹೇಳಿದ್ದೇವೆ? ಮೊದಲ ಬಾಂಗು ಕೊಟ್ಟ ಬಿಲಾಲ್ ಆಫ್ರಿಕಾ ಮೂಲದವರು, ಗುಲಾಮಗಿರಿಯಿಂದ ಬಿಡುಗಡೆಯಾದವರು ಎಂದು ಮದ್ರಸದಲ್ಲಿ ಕಲಿತಿದ್ದೇವೆ. ಹಳಿಯಾಳದ ಸಿದ್ದಿ ಮುಸ್ಲಿಮರನ್ನು ಮಾತ್ರ ಬೇರೆ ಯಾರೋ ಎಂಬಂತೆ ನೋಡುತ್ತೇವೆ.

ಇನ್ನೊಂದು ಕೆಲಸ ನಮ್ಮ ಮನೆಯೊಳಗೇ ಇದೆ. ಉಮ್ಮ, ಉಮ್ಮಾಮ ಇರುವಾಗಲೇ ಕೇಳಿ: ಮಗುವಿನ ಹಾಸಿಗೆಗೆ ಯಾವ ಬಟ್ಟೆ ಅಡಿಗೆ ಇಡುತ್ತಿದ್ದಿರಿ, ಎಷ್ಟು ಪದರ, ಎಲ್ಲಿಂದ ಹೊಲಿಗೆ ಶುರು? ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದಿಡಿ. ಬಾಪನ ಲೆಕ್ಕದ ಪುಸ್ತಕದಲ್ಲಿ ಇಲ್ಲದ ಲೆಕ್ಕ ಅದು.